ಅಡುಗೆಮನೆ ಪೆಟ್ಟಿಗೆಯ ಒಂಬತ್ತು ಜನ

ನಾನು: ಒಂಬತ್ತು ಜನಕ್ಕೋಸ್ಕರ ನಾನೂರು ಜನರನ್ನ ಬಿಟ್ಟು ಬಂದ್ರಾ? ತಲೆ ನೆಟ್ಟಗಿದೆಯಾ ನಿಮಗೆ?

ಅವರು: ಒಂಬತ್ತಲ್ಲ ಕಣೇ, ಹನ್ನೊಂದು. ನಾನಿದೀನಿ, ನೀನಿದೀಯ.

ನಾನು: ನಾನ್ಯಾವಾಗ ಸೇರಿದೆ?

ಅವರು: ನಿನ್ನೆ. ನೀನು ಬಟ್ಟೆ ಒಣಗಿಸ್ತಿದ್ದಾಗ ಸೇರಿಸಿದೆ.

ನನ್ನ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮೂವತ್ತೊಂದು ವರ್ಷ ಒಂದೇ ಅಂಗಡಿ, ಒಂದೇ ಸ್ಟೂಲು. ರಿಪೇರಿಯಾದ ಪ್ರತಿ ಗಡಿಯಾರದ ಫೋಟೋ ತೆಗೆದು, ಊರೆಲ್ಲ ಇರುವ ಆ ಜಾಲತಾಣಕ್ಕೆ ಹಾಕುತ್ತಿದ್ದರು. ಅದಕ್ಕೆ ನಾವು ದೊಡ್ಡಂಗಡಿ ಅನ್ನುತ್ತಿದ್ದೆವು. ಅಲ್ಲಿ ನಾನೂರು ಜನ ಅವರ ಫೋಟೋ ನೋಡುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ದಿನ ಅವರ ಫೋಟೋ ಕೆಳಗೇ ದೊಡ್ಡಂಗಡಿಯವರು ಜಾಹೀರಾತು ಅಂಟಿಸಿದರು. 'ಹಳೆಯದನ್ನು ಯಾಕೆ ಇಟ್ಟುಕೊಳ್ಳುತ್ತೀರಿ? ಹೊಸದು ತೆಗೆದುಕೊಳ್ಳಿ.' ಅವತ್ತೇ ಬಿಟ್ಟರು. ಅಡುಗೆಮನೆ ಕಪಾಟಿನ ಮೇಲೆ, ಸಕ್ಕರೆ ಡಬ್ಬದ ಪಕ್ಕ ಒಂದು ಪುಟ್ಟ ಪೆಟ್ಟಿಗೆ ಬಂತು. ಹಸಿರು ದೀಪ. ಸರ್ವರ್ ಅಂತೆ; ಒಂಬತ್ತು ಜನ ಅದರೊಳಗೆ ಸೇರಿ ಬರೆದು ಮಾತಾಡುತ್ತಾರಂತೆ. ಅವತ್ತಿನಿಂದ ನಮ್ಮಿಬ್ಬರಿಗೂ ಇದೇ ಜಗಳ, ಇವೇ ಪ್ರಶ್ನೆ.

ಅವರು: ನೋಡು, ದೊಡ್ಡಂಗಡೀಲಿ ಎಲ್ಲರೂ ಒಬ್ಬನ ಜಗುಲಿ ಮೇಲೆ ಕೂತು ಮಾತಾಡ್ತಾರೆ. ಅವನು ಕದ್ದು ಕೇಳಿಸ್ಕೊಂಡು ಸಾಮಾನು ಮಾರ್ತಾನೆ. ಇದು ನಮ್ಮದೇ ಜಗುಲಿ. ಇಂಥ ಪೆಟ್ಟಿಗೆ ಎಷ್ಟೋ ಮನೇಲಿವೆ. ಒಂದರ ಮಾತು ಇನ್ನೊಂದಕ್ಕೆ ಹೋಗತ್ತೆ. ಎಲ್ಲಕ್ಕೂ ಸೇರಿ ಒಬ್ಬ ಯಜಮಾನ ಅಂತಿಲ್ಲ.

ನಾನು: ಇದಕ್ಕೆ ಯಜಮಾನರು ನೀವಲ್ವಾ?

ಅವರು: ನಾನು ಯಜಮಾನ ಅಲ್ಲ. ಧೂಳು ಒರೆಸೋನು ಅಷ್ಟೆ.

ನಾನು: ಧೂಳು ಒರೆಸ್ತಿರೋಳು ನಾನು.

ಅವರು ಕನ್ನಡಕ ಒರೆಸಿಕೊಂಡರು. ಸೋತಾಗ ಹಾಗೆ ಮಾಡುತ್ತಿದ್ದರು.

ನಾನು: ಆ ಒಂಬತ್ತು ಜನ ಮಾತಾಡೋದಾದ್ರೂ ಏನು?

ಅವರು: ಎಲ್ಲಾ ಗಡಿಯಾರದವರೇ. ಬೆಳಗ್ಗೆ ನಮ್ಮ ಗೋಡೆ ಗಡಿಯಾರ ನೋಡಿ ನಾನು ಟೈಮ್ ಹಾಕ್ತೀನಿ. ಅವರೂ ಅವರವರ ಗಡಿಯಾರದ್ದು ಹಾಕ್ತಾರೆ. ಯಾರದು ಹಿಂದೆ, ಯಾರದು ಮುಂದೆ ಅಂತ ಸಂಜೆವರೆಗೂ ಜಗಳ. ಬಹಳ ಚೆನ್ನಾಗಿರತ್ತೆ.

ನಾನು: ಟೈಮ್ ಫೋನಲ್ಲೇ ಇರತ್ತಲ್ರೀ.

ಅವರು: ಅದು ಪರರ ಟೈಮು.

ನಾನು: ನಮ್ಮದು ಏಳು ನಿಮಿಷ ಮುಂದಿದೆ. ಗಡಿಯಾರದವರ ಮನೇಲೇ ಟೈಮ್ ಸರಿಯಿಲ್ಲ ಅಂದ್ರೆ ಜನ ನಗ್ತಾರೆ.

ಅವರು: ಬೇಕಂತಲೇ ಇಟ್ಟಿದೀನಿ. ಆ ಏಳು ನಿಮಿಷ ನಿನ್ನ ಹತ್ರ ಬೈಸ್ಕೊಳ್ಳೋಕೆ. ಪೂರ್ತಿ ಬೈಸ್ಕೊಂಡು ಹೊರಟ್ರೂ ಅಂಗಡಿಗೆ ಸರಿಯಾಗಿ ಹೋಗ್ತೀನಿ.

ಆಮೇಲೆ ನನ್ನ ಫೋನ್ ತಂದು ಕೈಗಿಟ್ಟರು.

ಅವರು: ಒಂದು ಮಾತು ಹಾಕೇ. ನಿಮ್ಮನೆಯವರು ಮಾತೇ ಆಡಲ್ವಾ ಅಂತ ಎಲ್ಲರೂ ಕೇಳ್ತಿದಾರೆ.

ನಾನು: ನಾನು ಮಾತಾಡಲ್ಲ ಅಂತ ಇದುವರೆಗೆ ಯಾರೂ ಅಂದಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. 'ಹಾಲು ಮುಗಿದಿದೆ. ಬರುವಾಗ ತನ್ನಿ.' ಮೂರಡಿ ದೂರದಲ್ಲಿ ಅವರ ಫೋನ್ ಟಿಣ್ ಅಂತು. ಓದಿದರು. ಬಾಯಲ್ಲಿ ಹೇಳದೆ ಫೋನಲ್ಲೇ ಉತ್ತರ ಬರೆದರು. 'ಆಗಲಿ.' ದಿನವೆಲ್ಲ ಖುಷಿಯಾಗಿದ್ದರು. ಸಂಜೆ ಹಾಲು ಮರೆತು ಬಂದರು.

ಮಾರನೇ ದಿನ ಬೆಳಗ್ಗೆ ಹಾಲಿಗೆಂದು ಬೇಗ ಹೊರಟರು. ಪೆಟ್ಟಿಗೆಗೆ ಟೈಮೂ ಹಾಕಲಿಲ್ಲ. ಹಾಲಿನ ಅಂಗಡಿ ಮೆಟ್ಟಿಲ ಮೇಲೆ ಕುಸಿದರು. ಎತ್ತುವಷ್ಟರಲ್ಲಿ ಜೀವ ಇರಲಿಲ್ಲ. ಪ್ಯಾಕೆಟ್ ಒಡೆದಿರಲಿಲ್ಲ. ಅಂಗಡಿಯವರು ಅದನ್ನು ಮನೆಗೆ ತಂದುಕೊಟ್ಟರು.

ಇಪ್ಪತ್ತು ದಿನ ಆದ ಮೇಲೆ ಮೈದುನ ಮತ್ತೆ ಬಂದ. ಆಫೀಸಲ್ಲಿ ಗುಮಾಸ್ತ. ಒಳ್ಳೆಯವನು. ಕೈ ಮಾತ್ರ ಸುಮ್ಮನಿರಲ್ಲ.

ಮೈದುನ: ಅತ್ತಿಗೆ, ದೊಡ್ಡಂಗಡೀಲಿ ಅಣ್ಣಂಗೆ ನೆನಪಿನ ಪುಟ ಮಾಡಿದೀನಿ.

ನಾನು: ಅವರು ಅದನ್ನ ಬಿಟ್ಟಿದ್ರಲ್ಲಪ್ಪ.

ಮೈದುನ: ಅಣ್ಣ ಬಿಟ್ಟಿದ್ದ. ಅವರು ಅಣ್ಣನ್ನ ಬಿಟ್ಟಿರಲಿಲ್ಲ. ಖಾತೆ ಹಾಗೇ ಇತ್ತು. ಪಾಸ್‌ವರ್ಡ್ ಮಾಡಿಕೊಟ್ಟಿದ್ದು ನಾನೇ ಅಲ್ವಾ. ನೋಡಿ, ಇನ್ನೂರ ಹನ್ನೆರಡು ಲೈಕ್.

ನಾನು: ಸತ್ತಿದ್ದು ಅಷ್ಟು ಇಷ್ಟ ಆಯ್ತಾ ಅವರಿಗೆ?

ಮೈದುನ: ಹಾಗಲ್ಲ ಅತ್ತಿಗೆ, ದುಃಖಕ್ಕೂ ಅದನ್ನೇ ಒತ್ತೋದು.

ನಾನು: ಇಲ್ಲಿ ಮೂರು ಜನ 'ಶುಭಾಶಯ' ಅಂದಿದಾರೆ.

ಮೈದುನ: ಓದಿರಲ್ಲ. ಫೋಟೋ ನೋಡಿ ಹುಟ್ಟಿದ ದಿನ ಅನ್ಕೊಂಡಿರ್ತಾರೆ.

ನಾನು: ಇದ್ಯಾರು, 'ಅಂಗಡಿ ಬಾಡಿಗೆಗೆ ಸಿಗತ್ತಾ' ಅಂತ ಕೇಳಿರೋದು?

ಮೈದುನ: ಅವನೊಬ್ಬ ಓದಿದಾನೆ.

ಅವನು ಬೆರಳಾಡಿಸಿದ. ಸ್ಟೂಲಿನ ಮೇಲೆ ಕೂತ ಅವರ ಫೋಟೋ ಬಂತು. ಮುಖದ ಕೆಳಗೆ ಹೊಳೆಯುವ ಅಕ್ಷರ. ನಿಧಾನವಾಗಿ ಓದಿದೆ. 'ಹಳೆಯದನ್ನು ಯಾಕೆ ಇಟ್ಟುಕೊಳ್ಳುತ್ತೀರಿ? ಹೊಸದು ತೆಗೆದುಕೊಳ್ಳಿ.' ಮೈದುನ ಫೋನ್ ಮಗುಚಿ ಹಿಡಿದ. ನಾನು ಓದಿಯಾಗಿತ್ತು.

ನಾನು: ತೆಗಿ.

ಮೈದುನ: ಅದು ಮಿಷನ್ ಹಾಕೋದು ಅತ್ತಿಗೆ. ಅದಕ್ಕೇನು ಗೊತ್ತಾಗತ್ತೆ?

ನಾನು: ಖಾತೇನೇ ತೆಗಿ.

ಬಹಳ ಹೊತ್ತು ಒತ್ತಿದ. ಬೆವರಿದ.

ಮೈದುನ: ಯಾಕೆ ಹೋಗ್ತಿದೀರ ಅಂತ ಕೇಳ್ತಿದೆ. ನಾಲ್ಕು ಕಾರಣ ಕೊಟ್ಟಿದೆ. ಒಂದು ಒತ್ತಬೇಕಂತೆ.

ನಾನು: ಸತ್ತಿದಾರೆ ಅಂತ ಒತ್ತು.

ಮೈದುನ: ಅದಿಲ್ಲ. 'ಸಮಯ ಸಾಲುತ್ತಿಲ್ಲ.' 'ಬೇರೆ ಕಡೆ ಹೋಗುತ್ತಿದ್ದೇನೆ.' 'ವಿಶ್ರಾಂತಿ ಬೇಕು.' 'ಜಾಹೀರಾತು ಹೆಚ್ಚಾಯಿತು.' ಇಷ್ಟೇ.

ನಾನು: ನಾಲ್ಕೂ ನಿಜ. ಕೊನೇದು ಒತ್ತು. ಅವರಿದ್ದಿದ್ರೆ ಅದನ್ನೇ ಒತ್ತೋರು.

ಒತ್ತಿದ. ಏನೋ ಬಂತು. ಅವನು ಓದಲಿಲ್ಲ. ನಾನೇ ಕಿತ್ತುಕೊಂಡು ಓದಿದೆ. 'ಮೂವತ್ತು ದಿನ ಕಾಯುತ್ತೇವೆ. ಮನಸ್ಸು ಬದಲಾದರೆ ವಾಪಸ್ ಬನ್ನಿ.'

ಫೋನ್ ಅವನಿಗೆ ವಾಪಸ್ ಕೊಟ್ಟೆ. ಆಮೇಲೆ ಮೈದುನ ಎದ್ದ. ಏನಾದರೂ ಮಾಡಲೇಬೇಕಿತ್ತು ಅವನಿಗೆ. ಪೆಟ್ಟಿಗೆಯ ಪ್ಲಗ್ಗಿಗೆ ಕೈ ಹಾಕಿದ.

ಮೈದುನ: ಇದನ್ನಾದ್ರೂ ತೆಗೀತೀನಿ. ಸುಮ್ಮನೆ ಉರೀತಿದೆ.

ನಾನು: ತೆಗೆದ್ರೆ ಏನಾಗತ್ತೆ?

ಮೈದುನ: ಏನಿಲ್ಲ. ಆ ಒಂಬತ್ತು ಜನ ಬೇರೆ ಪೆಟ್ಟಿಗೆ ನೋಡ್ಕೋತಾರೆ.

ನಾನು: ನಿಮ್ಮಣ್ಣ ಬರೆದಿದ್ದು?

ಮೈದುನ: ಅದು... ಪೂರ್ತಿ ಇರೋದು ಇದರೊಳಗೇ. ಬೇರೆಲ್ಲೂ ಇಲ್ಲ.

ನಾನು: ಕೈ ತೆಗಿ.

ಮೈದುನ: ಇದನ್ನ ಯಾರು ನೋಡ್ಕೋತಾರೆ ಅತ್ತಿಗೆ?

ನಾನು: ಧೂಳು ಒರೆಸೋರು ನೋಡ್ಕೋತಾರೆ. ಕೈ ತೆಗಿ ಅಂದೆ.

ತೆಗೆದ. ನಾನು ನನ್ನ ಫೋನ್ ತಂದು ಅವನಿಂದ ಪೆಟ್ಟಿಗೆಯ ಮಾತು ತೆರೆಸಿದೆ. ಇಪ್ಪತ್ತು ದಿನದಿಂದ ಒಂಬತ್ತು ಜನ ತಪ್ಪದೆ ಟೈಮ್ ಹಾಕಿದ್ದರು. ನಡುನಡುವೆ ನಮ್ಮವರನ್ನು ವಿಚಾರಿಸಿದ್ದರು. 'ನಿಮ್ಮ ಟೈಮ್ ಎಲ್ಲಿ ಸ್ವಾಮಿ?' 'ಗಡಿಯಾರ ನಿಂತುಹೋಯ್ತಾ?' ಒಬ್ಬರು, 'ಹಾಲು ತರೋಕೆ ಹೋದವರು ಇನ್ನೂ ಬಂದಿಲ್ಲ' ಅಂದಿದ್ದರು. ಉಳಿದವರೆಲ್ಲ ನಕ್ಕಿದ್ದರು.

ನಾನು ಬರೆದೆ. 'ಹಾಲು ಬಂತು. ಅವರು ಬರಲಿಲ್ಲ.'

ಮೈದುನ: ಇಷ್ಟೇನಾ? ಯಾವತ್ತು, ಹೇಗೆ ಅಂತ ವಿವರ ಬರೀಬೇಕು ಅತ್ತಿಗೆ.

ನಾನು: ಅವರೆಲ್ಲ ಗಡಿಯಾರದವರು. ನಿಂತಿದ್ದು ಅವರಿಗೆ ತಿಳಿಯತ್ತೆ.

ಸಂಜೆಯೊಳಗೆ ಒಂಬತ್ತು ಜನವೂ ಬರೆದರು. ಯಾರೂ ಏನನ್ನೂ ಒತ್ತಲಿಲ್ಲ, ಬರೆದರು. ನಕ್ಕವರು ನಕ್ಕಿದ್ದಕ್ಕೆ ಅತ್ತರು. ಎಲ್ಲರಿಗಿಂತ ಹಿರಿಯರು ಒಬ್ಬರು, ಗಡಿಯಾರ ಗೋಪುರ ನೋಡಿಕೊಳ್ಳುವವರು, ಕೊನೆಗೆ ಬರೆದರು. 'ನಾಳೆಯಿಂದ ಟೈಮ್ ನೀವು ಹಾಕಿ ತಾಯಿ.'

ಈಗ ದಿನಾ ಬೆಳಗ್ಗೆ ಪೆಟ್ಟಿಗೆ ಧೂಳು ಒರೆಸುತ್ತೇನೆ. ಗೋಡೆ ಗಡಿಯಾರ ನೋಡಿ ಟೈಮ್ ಹಾಕುತ್ತೇನೆ. ಯಾರಾದರೂ ಒಬ್ಬರು ಬರೆಯುತ್ತಾರೆ, 'ಅಕ್ಕಾ, ನಿಮ್ಮದು ಏಳು ನಿಮಿಷ ಮುಂದಿದೆ.' 'ಗೊತ್ತು' ಅನ್ನುತ್ತೇನೆ. ಆ ಏಳು ನಿಮಿಷ ಸಕ್ಕರೆ ಡಬ್ಬದ ಪಕ್ಕ ನಿಂತು ಅವರನ್ನು ಬೈಯುತ್ತೇನೆ. ಆಮೇಲೆ ಹಾಲಿಗೆ ಹೋಗುತ್ತೇನೆ.