ಖಾಜಾ ಸಾಬರ ರಟ್ಟುಗಳೂ ನನ್ನ ವೇಗಪರೀಕ್ಷೆಯೂ

ಕಂಪ್ಯೂಟರ್ ವಿಷಯದಲ್ಲಿ ನಾನು ತಪ್ಪು ಮಾಡುವವನಲ್ಲ ಎಂಬ ಸಂಗತಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ನಾನು. ಇನ್ನೊಬ್ಬಳು ನನ್ನ ಹೆಂಡತಿ ಶಶಿಕಲಾ. ನಾನು ಹೇಳಿದ್ದರಿಂದ ನಂಬಿದ್ದಳು.

ಅವಳದು ಆರು ಮಷಿನ್ನಿನ ಜೀನ್ಸ್ ಹೊಲಿಗೆ ಘಟಕ. ಅದರ ಜೀವಾಳವೆಂದರೆ ಕಟಿಂಗ್ ಮಾಸ್ಟರ್ ಖಾಜಾ ಸಾಬರು ರಟ್ಟಿನಲ್ಲಿ ಕತ್ತರಿಸಿಟ್ಟ ನಲವತ್ತು ಪ್ಯಾಟರ್ನ್‌ಗಳು, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಅಳತೆಯ ಮಾದರಿಗಳು. ವಯಸ್ಸಾಗಿ ಅವರು ಸಿರುಗುಪ್ಪದ ಮಗಳ ಮನೆ ಸೇರಿದಾಗ, ನಾನು ಅವನ್ನೆಲ್ಲ ಸ್ಕ್ಯಾನ್ ಮಾಡಿ, ಮೂರು ಹಳೆಯ ಕಂಪ್ಯೂಟರ್ ಜೋಡಿಸಿ, ಮೂರರಲ್ಲೂ ಒಂದೊಂದು ಪ್ರತಿ ಇರುವ ಸ್ಟೋರೇಜ್ ಕಟ್ಟಿದೆ.

"ಒಂದು ಸುಟ್ಟರೂ ಎರಡು ಉಳೀತಾವ. ಇನ್ನ ರಟ್ಟು ಯಾಕ?" ಎಂದು ಅಪ್ಪಣೆ ಕೊಡಿಸಿ, ರಟ್ಟುಗಳನ್ನು ರದ್ದಿಯವನಿಗೆ ಸಮರ್ಪಿಸಿದೆ.

ಆಮೇಲೆ ಪರೋಪಕಾರದ ಬುದ್ಧಿ ಬಂತು. ಇಂಥ ಸ್ಟೋರೇಜ್ ಎಷ್ಟು ಬೇಗ ಬರೆಯುತ್ತದೆ, ಓದುತ್ತದೆ ಎಂದು ಅಳೆಯುವ ಉಚಿತ ತಂತ್ರಾಂಶವೊಂದಿದೆ. ಅದನ್ನು ಯಾರು ಬೇಕಾದರೂ ಸಲೀಸಾಗಿ ಹಾಕಿಕೊಳ್ಳುವಂತೆ ಪ್ಯಾಕೇಜ್ ಮಾಡಿ ಲೋಕಕ್ಕೆ ಕೊಡಲು ಹೊರಟೆ. ಹದಿನೈದು ದಿನ ಊಟದ ಪರಿವೆಯಿಲ್ಲದೆ ದುಡಿದೆ. ಪರೀಕ್ಷೆ ಮುಗಿದ ಮೇಲೆ ಕಸ ಉಳಿಯಬಾರದೆಂದು, ಇರುವುದನ್ನೆಲ್ಲ ಅಳಿಸುವ ಏರ್ಪಾಡನ್ನೂ ನಾನೇ ಸೇರಿಸಿದೆ. ಯಾವ ಸ್ಟೋರೇಜನ್ನು ಅಳೆಯಬೇಕು ಎಂಬಲ್ಲಿ ನಮ್ಮ ಮನೆಯ ಸ್ಟೋರೇಜಿನ ಹೆಸರನ್ನೇ ಬರೆದೆ.

ಮಧ್ಯಾಹ್ನ ಓಡಿಸಿದೆ. ಬರೆಯುವ ವೇಗ ಸಾಧಾರಣ. ಓದುವ ವೇಗ ಸಾಧಾರಣ. ಅಳಿಸುವ ವೇಗ ಅಮೋಘ!

"ಶಶಿ, ನೋಡು ಬಾ!" ಎಂದು ಕೂಗಿದೆ.

"ಅದಿರಲಿ ಬಿಡ್ರಿ. ಸಣ್ಣ ಹುಡುಗರ ಪ್ಯಾಂಟಿನ ಪ್ಯಾಟರ್ನ್ ತೆಗೀರಿ, ಆರ್ಡರ್ ಬಂದೈತಿ."

ತೆಗೆದೆ. ಖಾಲಿ. ಎರಡನೆಯ ಕಂಪ್ಯೂಟರೂ ಖಾಲಿ, ಮೂರನೆಯದೂ ಖಾಲಿ. ಮೂರು ಪ್ರತಿ ಇಟ್ಟ ವ್ಯವಸ್ಥೆ ಮೂರನ್ನೂ ಅಷ್ಟೇ ನಿಷ್ಠೆಯಿಂದ ಅಳಿಸಿತ್ತು!

"ಎಲ್ಲಾ ಹೋದ್ವೇನ್ರಿ?"

"ಭಾಳ ಜಲ್ದಿ ಹೋದ್ವು," ಎಂದೆ. ಅವಳು ನಗಲಿಲ್ಲ.

ಮರುದಿನ ಬಸ್ಸು ಹಿಡಿದು ಇಬ್ಬರೂ ಸಿರುಗುಪ್ಪಕ್ಕೆ ಹೋದೆವು. ವಿಷಯ ಕೇಳಿದ ಸಾಬರು ಮತ್ತೆ ಬರೆದುಕೊಡಲೆಂದು ಸೀಮೆಸುಣ್ಣ ತರಿಸಿ ನೆಲದ ಮೇಲೆ ಒಂದು ಗೆರೆ ಎಳೆದರು. ಕೈ ನಡುಗಿ ಗೆರೆ ಸೊಟ್ಟಾಯಿತು. ಅಂಗೈಯಿಂದ ಒರೆಸಿಬಿಟ್ಟರು.

"ಮೂವತ್ತು ವರ್ಷದ ಕೆಲಸ ಅಮ್ಮಾ ಅದು. ರಟ್ಟು ಎಲ್ಲಿ?"

ಶಶಿಕಲಾ ನನ್ನನ್ನು ನೋಡಿದಳು. ರದ್ದಿಯವನಿಗೆ ಕೊಟ್ಟೆನೆಂದು ಒಪ್ಪಿಕೊಂಡೆ.

"ನಾ ಹೊಲಿದ ಪ್ಯಾಂಟ್ ಒಂದಾದ್ರೂ ಇದ್ರ, ಹೊಲಿಗಿ ಬಿಚ್ಚಿ ಅಳತಿ ತಗೀಬಹುದು..." ಎನ್ನುತ್ತಿದ್ದವರ ಕಣ್ಣು ನನ್ನ ಸೊಂಟದ ಮೇಲೆ ಬಂದು ನಿಂತಿತು. ಅವಳ ಕಣ್ಣೂ ನಿಂತಿತು.

"ಬಿಚ್ರಿ," ಎಂದಳು.

ಸಾಬರ ಲುಂಗಿಯಲ್ಲಿ ಬಳ್ಳಾರಿಗೆ ಮರಳಿದೆ. ಆರ್ಡರ್ ಬೇರೆಯವರ ಪಾಲಾಯಿತು. ನಲವತ್ತರಲ್ಲಿ ಉಳಿದದ್ದು ಒಂದೇ ಪ್ಯಾಟರ್ನ್. ಅದು ನನ್ನ ಹೊಟ್ಟೆಯ ಅಳತೆಯದು. ಇದುವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ.