ಎಂಟು ವರ್ಷ ನನಗೆ ಇಬ್ಬರು ಹೆಂಡತಿಯರಿದ್ದರು

ಮಹಾರಾಷ್ಟ್ರದ ನಿಲಂಗಾದಲ್ಲಿ ಕೋರ್ಟಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರು ಬದಲಿಸುವವರು ದಿನಕ್ಕೊಬ್ಬರಾದರೂ ಬಂದೇ ಬರುತ್ತಾರೆ. ಕರ್ನಾಟಕದಲ್ಲಿ ಒಂದೇ ಹೆಸರಿನಿಂದ ಸುಖವಾಗಿದ್ದವರಿಗೆ ಇಲ್ಲಿನ ಅರ್ಜಿಯಲ್ಲಿ ಮೂರು ಖಾನೆ ಕಾಣಿಸುತ್ತವೆ: ಸ್ವಂತ ಹೆಸರು, ಅಪ್ಪನ ಇಲ್ಲವೇ ಗಂಡನ ಹೆಸರು, ಅಡ್ಡಹೆಸರು. ಮೂರನ್ನೂ ತುಂಬುವ ಹೊತ್ತಿಗೆ ಅವರು ಬೇರೆಯೇ ಮನುಷ್ಯರಾಗಿರುತ್ತಾರೆ. ಇಂಥವರ ಕಾಗದಗಳನ್ನು ಝೆರಾಕ್ಸ್ ಮಾಡುತ್ತ ನಾನು ವರ್ಷಗಟ್ಟಲೆ ನಕ್ಕಿದ್ದೇನೆ. ಆ ನಗು ಕಳೆದ ವರ್ಷ ನಿಂತಿತು.

೧. ತಟ್ಟೆಯ ಅಕ್ಕಿ

ನನ್ನ ಹೆಂಡತಿ ಭಾಲ್ಕಿ ಕಡೆಯವಳು. ತವರಿನಲ್ಲಿ ಹೆಸರು ನೀಲಮ್ಮ. ನರ್ಸಿಂಗ್ ಓದಿದ್ದು, ಪಾಸಾದದ್ದು ಎಲ್ಲ ಅದೇ ಹೆಸರಿನಲ್ಲಿ. ನಮ್ಮದೂ ಕನ್ನಡದ ಮನೆತನವೇ, ಆದರೆ ಮೂರು ತಲೆಮಾರಿನಿಂದ ಮಹಾರಾಷ್ಟ್ರದಲ್ಲಿದೆ. ಇಲ್ಲಿಯ ಪದ್ಧತಿ ಬಿಡುವಂತಿಲ್ಲ. ಮದುವೆಯಲ್ಲಿ ಮದುಮಗ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಮದುಮಗಳ ಹೊಸ ಹೆಸರು ಬರೆಯಬೇಕು.

ಹೆಸರು ಆರಿಸಿದವಳು ಉದಗೀರದ ನನ್ನ ಸೋದರತ್ತೆ. ನಾವೆಲ್ಲ ಆಕೆಗೆ ಅತ್ಯಾ ಅನ್ನುತ್ತೇವೆ. ಆಕೆಗೆ ಎದುರು ಮಾತಾಡಿದವರು ಏನನ್ನುತ್ತಾರೋ ತಿಳಿಯದು, ಅಂಥವರು ಇನ್ನೂ ಸಿಕ್ಕಿಲ್ಲ. ಆಕೆ ‘ವೈಶಾಲಿ’ ಎಂದಳು, ನಾನು ಬರೆದೆ.

ಪಕ್ಕದಲ್ಲಿದ್ದ ಮಾವನವರು ಮಗಳಿಗೆ ಸಮಾಧಾನ ಹೇಳಿದರು: “ಇರ್ಲಿ ಬಿಡವ್ವ. ಅಕ್ಕಿ ಮ್ಯಾಲ ಬರದದ್ದು ಎಷ್ಟ ದಿನ ಇರ್ತದ? ಸಂಜೀಕ ಅನ್ನ ಆಗ್ತದ.”

ಅನ್ನವಾಯಿತು ನಿಜ. ಅಷ್ಟರಲ್ಲಿ ನಮ್ಮ ಕಾಕಾ ಆ ಹೊಸ ಹೆಸರಿನಲ್ಲೇ ರೇಷನ್ ಕಾರ್ಡಿಗೆ ಅರ್ಜಿ ಕೊಟ್ಟು ಬಂದಿದ್ದರು. ರೇಷನ್ ಕಾರ್ಡು ನೋಡಿ ಆಧಾರ್ ಕಾರ್ಡು ಬಂತು, ಆಧಾರ್ ನೋಡಿ ಬ್ಯಾಂಕಿನ ಪಾಸ್‌ಬುಕ್ಕು ಬಂತು. ಅಕ್ಕಿಯನ್ನು ಮತ್ತೆ ಯಾರೂ ಕೇಳಲಿಲ್ಲ.

೨. ಕಲಿತವಳು ಎಲ್ಲಿ?

ಎಂಟು ವರ್ಷದ ಮೇಲೆ ಹೆಂಡತಿಗೆ ಹತ್ತಿರದ ಹಳ್ಳಿಯ ದವಾಖಾನೆಯಲ್ಲಿ ನರ್ಸಿನ ನೌಕರಿ ಸಿಕ್ಕಿತು. ತಿಂಗಳ ಕೊನೆಯೊಳಗೆ ಹಾಜರಾಗದಿದ್ದರೆ ಆ ಜಾಗ ಮುಂದಿನವರಿಗೆ. ಖುಷಿಯಿಂದ ಹೋದೆವು. ಅಲ್ಲಿಯ ಕಾರಕೂನ ಕಾಗದಗಳನ್ನು ಎರಡು ಗುಂಪು ಮಾಡಿ ಇಟ್ಟ.

“ಈ ಸರ್ಟಿಫಿಕೇಟ್ ನೀಲಮ್ಮಂದು. ಈ ಆಧಾರ್ ವೈಶಾಲಿದು. ನೌಕರಿ ಬಂದದ್ದು ನೀಲಮ್ಮಗ, ಬಂದು ನಿಂತಾಕಿ ವೈಶಾಲಿ.”

“ಇಬ್ಬರೂ ಒಬ್ಬಾಕಿನೇ ರೀ,” ಎಂದೆ.

“ಇರಬಹುದು. ಖರೆ ನಾ ಹಾಜರ್ ಮಾಡ್ಕೊಬೇಕಾಗಿದ್ದು ಕಲ್ತಾಕಿಗಿ. ಆಕಿನ್ನ ಕರ್ಕೊಂಡ್ ಬರ್ರಿ. ಇಲ್ಲಾಂದ್ರ ಕೋರ್ಟಿನ ಕಾಗದ ತರ್ರಿ.”

ಹೆಂಡತಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಇಬ್ಬರೂ ಇದ್ದರು.

೩. ಶೇಂಗಾ ಹೋಳಿಗೆ

ವೈಶಾಲಿಯನ್ನು ಕಾಯದೆ ಪ್ರಕಾರ ಮತ್ತೆ ನೀಲಮ್ಮ ಮಾಡುವುದೆಂದು ನನ್ನ ಅಂಗಡಿಗೆ ಬರುವ ವಕೀಲರೊಬ್ಬರು ತೀರ್ಮಾನಿಸಿದರು. ಮೊದಲು ಪೇಪರಿನಲ್ಲಿ ನೋಟಿಸು ಕೊಡಬೇಕು. ಕೊಟ್ಟೆವು. ಅದರಲ್ಲಿ ಎರಡೂ ಹೆಸರಿದ್ದವು, ಎರಡರ ಮುಂದೆಯೂ ಗಂಡನ ಜಾಗದಲ್ಲಿ ನಾನಿದ್ದೆ. ನಮ್ಮ ಓಣಿಯವರಿಗೆ ಅಷ್ಟು ಓದಿದರೆ ಸಾಕಾಯಿತು.

ಮುಂಜಾನೆ ಪಕ್ಕದ ಮನೆಯ ಕಾಕು ಬಂದು ನನ್ನ ಹೆಂಡತಿಯ ಕೈ ಹಿಡಿದು ಕುಳಿತರು. ನನ್ನತ್ತ ನೋಡಲಿಲ್ಲ.

“ಇಷ್ಟ ವರ್ಷ ಆಕಿನ್ನ ಎಲ್ಲಿ ಇಟ್ಟಿದ್ದನವ್ವ?”

“ಮನ್ಯಾಗೇ ಇಟ್ಟಿದ್ರು ಕಾಕು,” ಎಂದಳು ಹೆಂಡತಿ, ಮುಖ ಒಂದಿಷ್ಟೂ ಅಲುಗದೆ. “ಅಡಗಿ ಎಲ್ಲ ಆಕಿನೇ ಮಾಡ್ತಿದ್ದಳು.”

ಕಾಕು ತಲೆದೂಗಿದರು. “ಅದಕ್ಕೇ ನಿಮ್ಮನಿ ಶೇಂಗಾ ಹೋಳಿಗಿ ಅಷ್ಟ ಚಲೋ ಇರ್ತಿತ್ತು. ನಂಗ ಆಗಿಂದನೇ ಸಂಶೆ ಇತ್ತು.”

೪. ಉದಗೀರದ ಸಾಕ್ಷಿ

ಇನ್ನು ಇಬ್ಬರೂ ಒಬ್ಬಳೇ ಎನ್ನಲು ಸಾಕ್ಷಿ ಬೇಕು. “ತವರಿನವರು ಬ್ಯಾಡ, ಗಂಡನೂ ಬ್ಯಾಡ,” ಎಂದರು ವಕೀಲರು. “ಹೆಸರು ಇಟ್ಟಾಕಿನೇ ಬಂದು ಹೇಳಿದರ ಕೆಲಸ ಮುಗೀತು.”

ಗಡುವಿಗೆ ಎರಡೇ ದಿನ ಉಳಿದಿತ್ತು. ಉದಗೀರಕ್ಕೆ ಹೋದೆವು. ಅತ್ಯಾ ಎಲ್ಲವನ್ನೂ ಕೇಳಿಸಿಕೊಂಡಳು.

“ನಾ ಇಟ್ಟ ಹೆಸರಿಗಿ ಏನ್ ಹುಳ ಹತ್ಯಾದ?”

“ಹೆಸರು ಚಲೋನೇ ಅದ ಅತ್ಯಾ. ನೌಕರಿ ಆ ಹೆಸರಿನ ಮ್ಯಾಲ ಇಲ್ಲ.”

“ಹಂಗಾದ್ರ ವೈಶಾಲಿ ಅಂತ ಮತ್ತ ಕಲೀಲಿ. ಮೂರು ವರ್ಷದ ಮಾತು.”

ಹೆಂಡತಿ ಚಹಾ ಕುಡಿದು, ಕಪ್ಪು ತೊಳೆದಿಟ್ಟು, “ಬರೋದು ಬಿಡೋದು ನಿಮ್ಮ ಮರ್ಜಿ ಅತ್ಯಾ. ನಾಳಿ ಹನ್ನೊಂದಕ್ಕ ಕೋರ್ಟ್ ಅದ,” ಎಂದಷ್ಟೇ ಹೇಳಿದಳು.

ಮರುದಿನ ಹನ್ನೊಂದಾಯಿತು, ಹನ್ನೆರಡಾಯಿತು. ನಮ್ಮನ್ನು ಕೂಗುವ ಹೊತ್ತಿಗೆ ಅತ್ಯಾ ಹಸಿರು ಇಳಕಲ್ ಸೀರೆ ಉಟ್ಟು ಒಳಗೆ ಬಂದಳು. ಬೈಯಲಿಕ್ಕೆ ಬಂದಳೋ ಸಾಕ್ಷಿ ಹೇಳಲಿಕ್ಕೆ ಬಂದಳೋ ತಿಳಿಯಲಿಲ್ಲ. ಬಹುಶಃ ಆಕೆಗೂ ತಿಳಿದಿರಲಿಲ್ಲ.

ನ್ಯಾಯಾಧೀಶ ಸಾಹೇಬರು ಹೆಸರು ಕೇಳಿದರು. “ಸುಮನ್,” ಎಂದಳು.

“ಮದುವೆಗೆ ಮುಂಚೆ?”

ಅತ್ಯಾ ಸುಮ್ಮನಾದಳು. ಆಕೆ ಸುಮ್ಮನಾದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಕಾಶಮ್ಮ,” ಎಂದಳು ಆಮೇಲೆ. “ಐವತ್ತು ವರ್ಷ ಆತು ಸಾಹೇಬ್ರ. ನಂಗ ಯಾರೂ ಕೇಳೇ ಇಲ್ಲ.”

ನನ್ನಪ್ಪ ಆಕೆಯನ್ನು ಅಕ್ಕಾ ಎಂದಷ್ಟೇ ಕರೆಯುತ್ತಿದ್ದ. ನನಗೂ ಆ ಹೆಸರು ತಿಳಿದದ್ದು ಆಗಲೇ. ಅತ್ಯಾ ಮುಂದೆ ಒಂದು ಮಾತೂ ತಕರಾರಿಲ್ಲದೆ ಸಾಕ್ಷಿ ಹೇಳಿ ಸಹಿ ಹಾಕಿದಳು. ಹೊರಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

“ನಂದೂ ಒಂದು ಅರ್ಜಿ ಬರಸು.”

“ಮಾಮಾ ಏನಂತಾರ ಅತ್ಯಾ?”

“ಏನಂತಾನ? ಪೇಪರನ್ಯಾಗ ಬಂತಂದ್ರ ಈ ವಯಸ್ಸಿನ್ಯಾಗ ಅಂವಗೂ ಎರಡನೇ ಹೆಂಡ್ತಿ ಸಿಕ್ಕಂಗ ಆಗ್ತದ.”

೫. ಹಾಜರಿ ಪುಸ್ತಕ

ಕೊನೆಯ ದಿನ ಬೆಳಗ್ಗೆ, ಹಿಂದಿನ ಸಂಜೆ ಕೈಗೆ ಬಂದ ಕೋರ್ಟಿನ ಕಾಗದ ಹಿಡಿದು, ಬಾಗಿಲು ತೆರೆಯುವ ಮೊದಲೇ ದವಾಖಾನೆಯ ಮುಂದಿದ್ದೆವು. ಹೆಸರು ಬದಲಾದದ್ದು ಸರ್ಕಾರಿ ಗೆಜೆಟ್ಟಿನಲ್ಲಿ ಬರಲು ಇನ್ನೂ ಸಮಯ ಬೇಕಿತ್ತು, ಸದ್ಯಕ್ಕೆ ಕೋರ್ಟಿನ ಕಾಗದ ನಡೆಯುತ್ತದೆ ಎಂದು ಕಾರಕೂನ ಮೊದಲೇ ಹೇಳಿದ್ದ. ಅದನ್ನು ಎರಡು ಸಲ ಓದಿದ. ಬೆಳಕಿಗೆ ಹಿಡಿದು ಒತ್ತಿದ ಸಿಕ್ಕಾ ನೋಡಿದ. ಆಮೇಲೆ ಮೊದಲ ಸಲ ನಕ್ಕು, “ಬರ್ರಿ ನೀಲಮ್ಮಬಾಯಿ,” ಎಂದು ಹಾಜರಿ ಪುಸ್ತಕ ತಿರುಗಿಸಿ ಮುಂದಿಟ್ಟ.

ನಾನು ಗೋಡೆಗೆ ಒರಗಿ ನಿಂತೆ.

ಹೆಂಡತಿ ಪೆನ್ನು ತೆಗೆದುಕೊಂಡು, ಎಂಟು ವರ್ಷದ ರೂಢಿಯಂತೆ, ದುಂಡಗಿನ ಅಕ್ಷರದಲ್ಲಿ ‘ವೈಶಾಲಿ’ ಎಂದು ಸಹಿ ಹಾಕಿದಳು.

ಕಾರಕೂನ ಸಹಿಯನ್ನು ನೋಡಿದ, ಆಕೆಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಸ್ಕೇಲು ಇಟ್ಟು ಆ ಸಾಲಿನ ಮೇಲೆ ನೀಟಾಗಿ ಗೆರೆ ಎಳೆದು, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ.

“ಆಕಿನ್ನೂ ಜೊತಿಗೇ ಕರ್ಕೊಂಡ್ ಬಂದೀರಿ, ಇರ್ಲಿ,” ಎಂದ. “ಈಗ ಕಲ್ತಾಕಿಗಿ ಸಹಿ ಮಾಡ್ಲಿಕ್ಕ ಹೇಳ್ರಿ.”