ಮಕಾಸ್ಸರಿನ ದಾರಿಯಲ್ಲಿ ಕಾಣೆಯಾದ ಒಂದು ಗಂಟೆ

ನನ್ನ ಹೆಂಡತಿ ವಿನಾರ್ಸಿ ಹಾಡುತ್ತಾಳೆ. ಅದಕ್ಕೆ ನನ್ನ ತಕರಾರಿಲ್ಲ. ತಕರಾರೆಲ್ಲ ಅವಳ ಪಕ್ಕದಲ್ಲಿ ಗಿಟಾರು ಹಿಡಿದು ಕೂರುವ ಹರ್ಜುನೊ ಎಂಬ ಮಹಾನುಭಾವನ ಬಗ್ಗೆ. ಅವನಿಗೆ ತಲೆತುಂಬಾ ಕೂದಲು. (ನನ್ನ ತಲೆಯ ವಿಚಾರ ಇಲ್ಲಿ ಬೇಡ.) ಹೀಗಿರುವಾಗ ಸುರಬಾಯಾದ ನಮ್ಮ ಓಣಿಯ ಗಾನಮಂಡಳಿ ಸ್ಪರ್ಧೆಗೆಂದು ಮಕಾಸ್ಸರಿಗೆ ಹೊರಟರೆ ನನ್ನ ಹೊಟ್ಟೆ ಉರಿಯದೆ ಇದ್ದೀತೇ?

"ಎಷ್ಟು ದೂರ?" ಎಂದೆ.

"ಸಮುದ್ರ ದಾಟಿದ್ರೆ ಬಂತು. ಎಂಟ್ನೂರು ಕಿಲೋಮೀಟರಂತೆ. ವಿಮಾನದಲ್ಲಿ ಒಂದೂವರೆ ಗಂಟೆ, ಮಾಸ್. ನೀವು ಪೇಪರ್ ಓದಿ ಸ್ನಾನ ಮುಗಿಸೋಷ್ಟ್ರಲ್ಲಿ ನಾನು ಅಲ್ಲಿರ್ತೀನಿ." (ಮಾಸ್ ಎಂದರೆ ನಮ್ಮ ಕಡೆ ಹೆಂಡತಿ ಗಂಡನನ್ನು ಕರೆಯುವ 'ರೀ'.)

"ಹರ್ಜುನೊನೂ ಬರ್ತಾನಾ?"

"ಮತ್ತೆ? ಗಿಟಾರು ತಾನೇ ನಡ್ಕೊಂಡು ಬರುತ್ತಾ?"

ಬೆಳಿಗ್ಗೆ ಎಂಟಕ್ಕೆ ವಿಮಾನ ಹಾರಿತು. ನಾನು ಗೋಡೆ ಗಡಿಯಾರದ ಮುಂದೆ ತಪಸ್ಸಿಗೆ ಕೂತೆ. ಒಂಬತ್ತೂವರೆಗೆ ಬರಬೇಕಿದ್ದ ಫೋನು ಮಧ್ಯಾಹ್ನ ಬಂತು.

"ಹತ್ತೂವರೆಗೇ ಇಳಿದ್ವಿ, ಮಾಸ್! ಗಡಿಬಿಡೀಲಿ ಫೋನ್ ಮಾಡೋದೇ ಮರ್ತೋಯ್ತು."

ಎಂಟರಿಂದ ಹತ್ತೂವರೆ! ಹಾಗಾದರೆ ಮಿಕ್ಕ ಒಂದು ಗಂಟೆ ಎಲ್ಲಿ ಹೋಯಿತು? ವಿಮಾನವೇನು ದಾರಿಯಲ್ಲಿ ನಿಂತು ಚಹಾ ಕುಡಿಯಿತೇ? ಅವತ್ತು ರಾತ್ರಿಯೆಲ್ಲ ಕಣ್ಣು ಮುಚ್ಚಿದರೆ ಹರ್ಜುನೊನ ಕೂದಲು. ಮರುದಿನ ಪಕ್ಕದ ಮನೆಯ ತುಮೀರಮ್ಮನಿಗೆ "ಮಲಾಂಗಿನ ಚಿಕ್ಕಮ್ಮನ ಮನೆಗೆ ಹೋಗ್ಬರ್ತೀನಿ" ಎಂದು ಬುರುಡೆ ಬಿಟ್ಟು, ಇಬ್ಬರನ್ನೂ ಕೈಯಾರೆ ಹಿಡಿಯಲು ನಾನೂ ಮಕಾಸ್ಸರಿನ ವಿಮಾನ ಹತ್ತಿದೆ.

ಇಳಿಯುವ ಮುನ್ನ ಗಗನಸಖಿ ಇಂಪಾಗಿ ಉಲಿದಳು: "ಮಕಾಸ್ಸರಿನ ಸಮಯ ಸುರಬಾಯಾಕ್ಕಿಂತ ಒಂದು ಗಂಟೆ ಮುಂದಿದೆ. ದಯವಿಟ್ಟು ಗಡಿಯಾರ ತಿದ್ದಿಕೊಳ್ಳಿ."

ಅಯ್ಯೋ ನನ್ನ ಬುದ್ಧಿಗಿಷ್ಟು! ನಮ್ಮ ದೇಶದಲ್ಲಿ ಟೀವಿಯವರು ಒಂದೇ ಧಾರಾವಾಹಿಗೆ ಪಶ್ಚಿಮಕ್ಕೊಂದು, ಮಧ್ಯಕ್ಕೊಂದು, ಪೂರ್ವಕ್ಕೊಂದು ಸಮಯ ಹೇಳುತ್ತಾರೆ. ಎಳೆಮಕ್ಕಳಿಗೂ ಗೊತ್ತು. ಹೊಟ್ಟೆಕಿಚ್ಚಿನಲ್ಲಿ ನನಗೊಬ್ಬನಿಗೇ ಮರೆತಿತ್ತು. ನಾಚಿಕೆಯಾಗಿ ನಿಲ್ದಾಣದಿಂದ ಆಚೆ ಕಾಲಿಡದೆ ವಾಪಸು ಟಿಕೆಟ್ ತೆಗೆಸಿದೆ. ಆದರೆ ಪರವೂರಿಗೆ ಹೋದವನು ಓಣಿಯವರಿಗೆ ಏನೂ ತರದೆ ಬರಿಗೈಯಲ್ಲಿ ಬರುವುದುಂಟೇ? ಹುಟ್ಟಿದಾರಭ್ಯ ರೂಢಿಯಾದ ಕೈ, ಸುಮ್ಮನಿರಲಿಲ್ಲ. ಮಾರ್ಕಿಸಾ ಹಣ್ಣಿನ ಶರಬತ್ತಿನ ಸೀಸೆಗಳನ್ನು ಕೊಂಡು ತಂದು ಮನೆಮನೆಗೂ ಹಂಚಿದೆ.

ಎರಡು ದಿನ ಬಿಟ್ಟು ವಿನಾರ್ಸಿಯೂ ಅದೇ ಶರಬತ್ತು ಹೊತ್ತು ಬಂದಳು.

"ಇದನ್ನ ನಿಮ್ ಯಜಮಾನ್ರು ಮೊನ್ನೇನೇ ಕೊಟ್ರಲ್ಲ ಕಣೇ, ಮಲಾಂಗಿಂದ ತಂದಿದ್ದು!" ಎಂದರು ತುಮೀರಮ್ಮ.

"ಮಲಾಂಗಿಂದ ಜನ ಸೇಬು ತರ್ತಾರೆ. ಮಾರ್ಕಿಸಾ ತರೋದು ಮಕಾಸ್ಸರಿಂದ," ಎನ್ನುತ್ತಾ ವಿನಾರ್ಸಿ ನನ್ನ ಕಡೆ ತಿರುಗಿದಳು. "ಮಾಸ್, ಅಲ್ಲಿ ಯಾರನ್ನ ನೋಡೋಕೆ ಹೋಗಿದ್ರಿ?"

ಬೇರೆ ದಾರಿಯಿಲ್ಲದೆ ನಿಜ ಒದರಿದೆ. ಎಂಟು ಗಂಟೆ, ಹತ್ತೂವರೆ, ಹರ್ಜುನೊ, ಎಲ್ಲ.

"ಗಂಟೆ ಲೆಕ್ಕ ತಪ್ತು ಅಂತ ಯಾರಾದ್ರೂ ವಿಮಾನ ಹತ್ತುತ್ತಾರಾ? ಸುಳ್ಳು ಹೇಳೋಕೂ ಸ್ವಲ್ಪ ತಲೆ ಬೇಕು. ಹೇಳಿ, ಯಾರವಳು?"

ಇವತ್ತಿಗೂ ಅವಳು ನಂಬಿಲ್ಲ. ನಮ್ಮಿಬ್ಬರಿಗೆ ರಾಜಿ ಮಾಡಿಸಲೆಂದು ಗಾನಮಂಡಳಿ ಒಬ್ಬ ಸಂಭಾವಿತರನ್ನು ನೇಮಿಸಿದೆ. ದಿನಾ ಸಂಜೆ ಬರುತ್ತಾರೆ. ನನ್ನ ಕುರ್ಚಿಯಲ್ಲೇ ಕೂತು, ಕೂದಲನ್ನು ಹಿಂದಕ್ಕೆ ತಳ್ಳಿ, "ವಾರ್ಸಿತೊ ಅವರೇ, ಸಂಸಾರ ಅಂದ್ಮೇಲೆ ನಂಬಿಕೆ ಮುಖ್ಯ ನೋಡಿ" ಎಂದು ಉಪದೇಶಿಸುತ್ತಾರೆ. ಅವರಿಗೆ ಮಾರ್ಕಿಸಾ ಶರಬತ್ತು ಕಲಸಿ ಕೊಡುವುದು ನನ್ನ ಕೆಲಸ.

ಒಂದೂವರೆ ಗಂಟೆ ಕೂರುತ್ತಾರೆ. ಈ ಸಲ ಲೆಕ್ಕ ತಪ್ಪಿಲ್ಲ, ನಮ್ಮದೇ ಗೋಡೆ ಗಡಿಯಾರ.